ಕೈ ಯಾರದು, ಮಾತು ಯಾರದು?

ಹೋದ ತಿಂಗಳದಿಂದ ಒಂದಽ ವಿಡಿಯೋ ನನಗ ಆರು ಮಂದಿ ಕಳಿಸ್ಯಾರ. ಹುಬ್ಬಳ್ಳಿ ಕಾಕು ಕಳಿಸಿದ್ರು, ಇಬ್ಬರು ವೈನಿಗೋಳು ಕಳಿಸಿದ್ರು, ಹಿಂದಿನ ಓಣಿ ಮಾಮಿ ಸುದ್ದಾ ಕಳಿಸಿದ್ರು. ಮಾತು ಬರದ ಒಬ್ಬ ಹುಡುಗ, ಹೊರಗಿನ ದೇಶದಂವ, ಮೀಸಿ ಮೂಡೋ ವಯಸ್ಸು. ಬಾಜೂಕ ಒಬ್ಬಾಕಿ ಹೆಣ್ಣಮಗಳು ಕೂತು ಅವನ ಮಣಿಕಟ್ಟ ಹಿಡದಾಳ. ಹುಡುಗನ ಬೆರಳು ಒಂದೊಂದಽ ಅಕ್ಷರದ ಮ್ಯಾಲೆ ಹೋಗ್ತದ. ನನ್ನ ಸಲುವಾಗಿ ನೀ ಎಷ್ಟು ತ್ರಾಸ ತಗೊಂಡೀ ಅನ್ನೋದು ನನಗ ಗೊತ್ತದ ಅಮ್ಮಾ, ಅನ್ನೋ ಅರ್ಥದ ಮಾತು ಇಂಗ್ಲೀಷ್ ಒಳಗ ಕೂಡ್ತದ. ತಾಯಿ ಅಳ್ತಾಳ. ನೋಡಿದವರೂ ಅಳ್ತಾರ. ಕಾಕು ಅಂತೂ ಮೂರು ಸಲ ನೋಡಿ ಮೂರೂ ಸಲ ಅತ್ತೇನಿ ಅಂತ ಬರದಿದ್ರು.

ಎಲ್ಲಾರ ಪ್ರಶ್ನಿನೂ ಒಂದಽ: ನಮ್ಮ ಹುಡುಗಗೂ ಹಿಂಗ ಕಲಸಬಹುದಲ್ಲಾ?

ನಮ್ಮ ಹುಡುಗ ಅಂದ್ರ ಯಾರು ಅಂತ ನಿಮಗೆಲ್ಲಾ ಗೊತ್ತದ, ಹೆಸರು ಬರಿಯೂದಿಲ್ಲ. ಹತ್ತು ವರ್ಷ ಮುಗದಾವ, ಇನ್ನೂ ಬಾಯಿಲೆ ಒಂದು ಶಬ್ದ ಬಂದಿಲ್ಲ. ಅವನವ್ವ ನಮ್ಮ ಕಣ್ಣ ಮುಂದ ಬೆಳದಾಕಿ. ಈಗ ಅಕಿಗೆ ಯಾರೋ ಹೇಳ್ಯಾರ, ದೊಡ್ಡ ಊರಾಗ ಇಂಥಾ ಟೈಪಿಂಗ್ ಕಲಸೋ ಕ್ಲಾಸ್ ಅದ, ಆರು ತಿಂಗಳು ಅಲ್ಲೇ ಮನಿ ಮಾಡಿಕೊಂಡು ಇದ್ದು ಕಲೀಬೇಕು ಅಂತ. ಬಳಿ ಒತ್ತಿ ಇಡೋ ಮಾತು ನಡದದ. ಅದಕ್ಕ ಈ ಸಲ ಸಂಡಿಗಿ, ಹಪ್ಪಳ ಬಾಜೂಕ ಇಟ್ಟು ಇದನ್ನ ಬರೀಲಿಕ್ಕೆ ಕೂತೇನಿ.

ನನ್ನ ಅಭಿಪ್ರಾಯ ಮೊದಲಽ ಹೇಳಿಬಿಡ್ತೀನಿ, ಆಮ್ಯಾಲೆ ಬೇಕಾದ್ರ ಜಗಳಾ ಮಾಡ್ರಿ. ಹುಡುಗಗ ಟೈಪ್ ಮಾಡ್ಲಿಕ್ಕೆ ಕಲಸ್ರಿ, ಜರೂರ ಕಲಸ್ರಿ. ಆದ್ರ ಮತ್ತೊಬ್ಬರು ಅವನ ಕೈ ಹಿಡದಾಗ, ಮೊಣಕೈ ಮುಟ್ಟಿದಾಗ, ಇಲ್ಲಾ ಗಾಳ್ಯಾಗ ಹಲಗಿ ಹಿಡದು ಕೂತಾಗ ಮಾತ್ರ ಬರೋ ಮಾತನ್ನ ಅವನ ಮಾತು ಅಂತ ನಂಬಬ್ಯಾಡ್ರಿ. ಅದರ ಮ್ಯಾಲೆ ಬಳಿ ಒತ್ತಿ ಇಡೋದಂತೂ ಬ್ಯಾಡಽ ಬ್ಯಾಡ.

ಇದು ಹೊಸಾದಲ್ಲ. 1970ರ ದಶಕದಾಗ ಆಸ್ಟ್ರೇಲಿಯಾದ ಮೆಲ್ಬರ್ನ್ ಊರಾಗ ಸೇಂಟ್ ನಿಕೋಲಸ್ ಅಂತ ಒಂದು ಆಸ್ಪತ್ರಿ ಇತ್ತು. ಕೈಕಾಲು ಸ್ವಾಧೀನ ಇಲ್ಲದ, ಮಾತಿಲ್ಲದ ಮಕ್ಕಳನ್ನ ಅಲ್ಲಿ ಬಿಟ್ಟುಬಿಡ್ತಿದ್ರು. ಅಲ್ಲೆ ಕೆಲಸ ಮಾಡೋ ರೋಸ್‌ಮೇರಿ ಕ್ರಾಸ್ಲಿ ಅನ್ನೋರು ಆನ್ ಮೆಕ್‌ಡೊನಾಲ್ಡ್ ಅನ್ನೋ ಹುಡುಗಿ ತೋಳಿಗೆ ಆಧಾರ ಕೊಟ್ಟು ಅಕ್ಷರ ತೋರಸೋದು ಕಲಸಿದ್ರು. ಕಡಿಗೆ 1979ರಾಗ ಕೋರ್ಟು ಆ ಹುಡುಗಿಗೆ ಆಸ್ಪತ್ರಿ ಬಿಟ್ಟು ಹೊರಗ ಹೋಗೋ ಹಕ್ಕು ಕೊಟ್ಟಿತು. ಇಬ್ಬರೂ ಕೂಡಿ ಪುಸ್ತಕ ತಂದ್ರು, 1984ರಾಗ ಸಿನೆಮಾನೂ ಆತು. ಅಂಥಾ ಜಾಗಾದಿಂದ ಒಂದು ಜೀವ ಹೊರಗ ಬಂತಲ್ಲಾ, ಅದು ಛೊಲೋನಽ ಆತು, ಅದಕ್ಕ ನಾ ಎರಡು ಮಾತು ಆಡೂದಿಲ್ಲ.

ಆಮ್ಯಾಲೆ ಅಮೇರಿಕಾದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಡಗ್ಲಸ್ ಬಿಕ್ಲೆನ್ ಅನ್ನೋ ಪ್ರೊಫೆಸರ್ ಮೆಲ್ಬರ್ನಿಗೆ ಹೋಗಿ ನೋಡಿ ಬಂದು 1990ರಾಗ ಒಂದು ದೊಡ್ಡ ಲೇಖನ ಬರದ್ರು. ಆಟಿಸಂ ಇರೋ ಮಕ್ಕಳಿಗೆ ಬುದ್ಧಿ, ಭಾಷಾ ಎಲ್ಲಾ ಒಳಗಽ ಅವ, ಕೈ ಮಾತ್ರ ಕೇಳವಲ್ದು, ಕೈಗೆ ಒಂದಿಷ್ಟು ಆಧಾರ ಕೊಟ್ರ ಸಾಕು ಅಂತ. ಇನ್ನೇನು ಬೇಕ್ರಿ? ಎರಡು ಮೂರು ವರ್ಷದಾಗ ಸಾವಿರಾರು ಶಿಕ್ಷಕರು, ಸಾವಿರಾರು ತಾಯಂದಿರು ಕಲತ್ರು. ಎಂದೂ ಅಕ್ಷರ ಕಲೀಲಾರದ ಮಕ್ಕಳು ಒಂದಽ ವಾರದಾಗ ಕವಿತಾ ಬರೀಲಿಕ್ಕೆ ಹತ್ತಿದ್ರು.

ಅಲ್ಲಿಗೇ ಯಾರಿಗರೆ ಸಂಶಯ ಬರಬೇಕಾಗಿತ್ತು. ನಾವು ಒಲಿ ಮ್ಯಾಲೆ ಹಾಲಿಟ್ಟು ಈ ಕಡೆ ತಿರಗೋದರಾಗ ಮೊಸರಾಗಿದ್ರ, ಇದ್ಯಾರೋ ಬ್ಯಾರೆ ಮೊಸರು ತಂದು ಇಟ್ಟಾರ ಅಂತೀವಿಲ್ಲೋ?

ಪರೀಕ್ಷಾ ಮಾಡಿದವರು ಭಾಳ ಸರಳ ಮಾಡಿದ್ರು. ನ್ಯೂಯಾರ್ಕ್ ರಾಜ್ಯದ ಓ.ಡಿ. ಹೆಕ್ ಅನ್ನೋ ಕೇಂದ್ರದಾಗ ಆಟಿಸಂ ಇರೋ 12 ಮಂದಿನ್ನ ಕೂಡಿಸಿದ್ರು. ಅವರಿಗೆ ಒಂದು ಚಿತ್ರ ತೋರಸೋದು, ಕೈ ಹಿಡಿಯೋರಿಗೆ ಒಂದು ಚಿತ್ರ ತೋರಸೋದು. ಒಬ್ಬರದು ಒಬ್ಬರಿಗೆ ಕಾಣೂದಿಲ್ಲ. ಇಬ್ಬರದೂ ಒಂದಽ ಚಿತ್ರ ಇದ್ದಾಗ ಉತ್ತರ ಬರೋಬ್ಬರಿ. ಬ್ಯಾರೆ ಬ್ಯಾರೆ ಚಿತ್ರ ಇಟ್ರ? ಆ 12 ಮಂದಿಯೊಳಗ ಒಬ್ಬರದೂ ಒಂದು ಸಲಾನೂ ತಾವು ನೋಡಿದ್ದು ಬರಲಿಲ್ಲ. ಭಾಳ ಸಲ ಏನು ಬಂತಂದ್ರ, ಕೈ ಹಿಡದವರು ನೋಡಿದ ಚಿತ್ರದ ಹೆಸರು ಬಂತು. ಇದು 1993ರಾಗ ಪ್ರಕಟ ಆತು. ಆ ಕೇಂದ್ರದವರು ಇದನ್ನ ಹಳೀಲಿಕ್ಕೆ ಕೂತವರಲ್ಲ, ಅವರೂ ಈ ಪದ್ಧತಿ ನಂಬಿ ನಡಸ್ತಿದ್ದವರಽ. ಆಮ್ಯಾಲೆ ಬ್ಯಾರೆ ಕಡೆ ಎಷ್ಟೋ ಸಲ ಇದಽ ತರದ ಪರೀಕ್ಷಾ ಆದ್ವು, ಉತ್ತರ ಇದಽ. 1994ರಾಗ ಅಮೇರಿಕಾದ ಮನಃಶಾಸ್ತ್ರಜ್ಞರ ಸಂಘ ಇದಕ್ಕ ಆಧಾರ ಇಲ್ಲ ಅಂತ ಠರಾವು ಮಾಡಿತು. ಅಲ್ಲಿಯ ಮಾತು-ಶ್ರವಣ ತಜ್ಞರ ಸಂಘ 1995ರಾಗ ಒಮ್ಮೆ, 2018ರಾಗ ಮತ್ತೊಮ್ಮೆ ಬ್ಯಾಡ ಅಂತ ಹೇಳ್ತು.

ಹಂಗಾದ್ರ ಕೈ ಹಿಡಿಯೋರು ಮೋಸಗಾರರೇನು? ಅಲ್ಲ. ಇಲ್ಲೇ ಎಲ್ಲಾರೂ ಎಡವತಾರ. ಹಾಸ್ಟೆಲ್ಲಿನಾಗ ಇದ್ದವರಿಗೆ ನೆನಪಿರಬೇಕು, ರಾತ್ರಿ ಲೈಟ್ ಆರಿಸಿ, ಮೇಣಬತ್ತಿ ಹಚ್ಚಿ, ಹಾಳಿ ಮ್ಯಾಲೆ ಅಕ್ಷರ ಬರದು, ನಾಣ್ಯದ ಮ್ಯಾಲೆ ಮೂರು ಮಂದಿ ಬೆರಳಿಟ್ಟು ಪ್ಲಾಂಚೆಟ್ ಆಡ್ತಿದ್ರು. ನಾಣ್ಯ ತಾನಽ ಓಡ್ತಿತ್ತು! ನೀ ದಬ್ಬಿದಿ, ನೀ ದಬ್ಬಿದಿ ಅಂತ ಆಣಿ ಪ್ರಮಾಣ ಆಗ್ತಿದ್ವು. ಖರೇ ಅಂದ್ರ ಮೂವರೂ ದಬ್ಬತಿದ್ರು, ಮೂವರಿಗೂ ಗೊತ್ತಾಗ್ತಿದ್ದಿಲ್ಲ. ಮನಸಿನಾಗ ಒಂದು ಉತ್ತರ ಇದ್ರ ಬೆರಳು ತನ್ನಷ್ಟಕ್ಕ ಅತ್ತಾಗ ಜರೀತದ. ವಿದ್ಯುತ್ತಿನ ಮೈಕೇಲ್ ಫ್ಯಾರಡೆ 1853ರಾಗಽ ಇದನ್ನ ತೋರಿಸಿದ್ರು. ಆಗ ಇಂಗ್ಲೆಂಡಿನಾಗ ಟೇಬಲ್ ಸುತ್ತಲೂ ಕೂತು ಕೈ ಇಟ್ರ ಭೂತ ಬಂದು ಟೇಬಲ್ ತಿರುಗಸ್ತದ ಅಂತ ಹುಚ್ಚು ಎದ್ದಿತ್ತು. ಅವರು ಕೈ ಕೆಳಗ ಜಾರೋ ಹಾಳಿ ಇಟ್ಟು, ಟೇಬಲ್‌ಕಿಂತ ಮೊದಲ ಕೈ ಸರೀತಾವ ಅಂತ ತೋರಿಸಿಬಿಟ್ರು. ಕೂತವರೆಲ್ಲಾ ಮರ್ಯಾದಸ್ಥರು. ಯಾರೂ ಸುಳ್ಳು ಹೇಳಿರಲಿಲ್ಲ.

ಮುಟ್ಟಲಾರದೆನೂ ಇದು ನಡೀತದ ಅನ್ನೋದಕ್ಕ ಒಂದು ಕುದುರಿ ಕಥಿ ಅದ. ನೂರಿಪ್ಪತ್ತು ವರ್ಷದ ಹಿಂದ ಬರ್ಲಿನ್ ಊರಾಗ ಒಬ್ಬ ರಿಟೈರ್ ಆದ ಮಾಸ್ತರ ಹತ್ರ ಹಾನ್ಸ್ ಅನ್ನೋ ಕುದುರಿ ಇತ್ತು. ಲೆಕ್ಕಾ ಕೇಳಿದ್ರ ಗೊರಸಿಲೆ ನೆಲಾ ಬಡದು ಉತ್ತರ ಹೇಳ್ತಿತ್ತು. ಊರಿಗೆ ಊರಽ ನೋಡ್ಲಿಕ್ಕೆ ಬರ್ತಿತ್ತು. 1907ರಾಗ ಫುಂಗ್‌ಸ್ಟ್ ಅನ್ನೋಂವ ಕಂಡುಹಿಡದ, ಕೇಳೋರಿಗೆ ಉತ್ತರ ಗೊತ್ತಿದ್ರ ಮಾತ್ರ ಕುದುರಿಗೆ ಉತ್ತರ ಬರ್ತದ ಅಂತ. ಬಡಿತ ಸರಿ ಸಂಖ್ಯಾಕ್ಕ ಬಂದ ಕೂಡಲೆ ಕೇಳೋರ ತಲಿ, ಮಾರಿ ಕೂದಲೆಳಿಯಷ್ಟು ಅಳಗಾಡ್ತಿತ್ತು, ಕುದುರಿ ಅದನ್ನ ನೋಡಿ ನಿಲ್ಲಸ್ತಿತ್ತು. ಮಾಸ್ತರಿಗೆ ಇದು ಗೊತ್ತಽ ಇದ್ದಿಲ್ಲ ಪಾಪ. ಹುಡುಗನ್ನ ಕುದುರಿಗೆ ಹೋಲಸ್ತೀಯೇನ ಅಂತ ಸಿಟ್ಟಾಗಬ್ಯಾಡ್ರಿ. ನಾ ಹೇಳೋದು ಮಾಸ್ತರನ ಬಗ್ಗೆ.

ಇಷ್ಟಽ ಆಗಿದ್ರ, ಇರಲಿ ಬಿಡು, ತಾಯಿಗೆ ಸಮಾಧಾನ ಆಗ್ತದಲ್ಲಾ ಅನ್ನಬಹುದಿತ್ತು. ನಮ್ಮ ಮಾಮಿನೂ ಅದನ್ನಽ ಅಂದ್ರು. “ಸುಳ್ಳಾದ್ರ ಸುಳ್ಳಾಗಲಿ, ಅಮ್ಮಾ ಅನಿಸಿಕೊಂಡ್ಲಲ್ಲಾ!” ಆದ್ರ ಅಮ್ಮಾ ಅನ್ನೋ ಬೆರಳು ಬ್ಯಾರೆದೂ ಅಂತದ. ಅಮೇರಿಕಾದ ಮೇನ್ ರಾಜ್ಯದಾಗ 1992ರಾಗ ಮಾತಿಲ್ಲದ ಒಬ್ಬ ಹುಡುಗಿ, ಕೈ ಹಿಡದಾಗ, ಮನಿಯವರು ನನ್ನ ಮ್ಯಾಲೆ ಲೈಂಗಿಕ ದೌರ್ಜನ್ಯ ಮಾಡ್ಯಾರ ಅಂತ ಟೈಪ್ ಮಾಡಿದ್ಲು ಅಂದ್ರು. ಮಕ್ಕಳನ್ನ ತಾಯಿ-ತಂದಿ ಕಡಿಂದ ತಗೊಂಡು ಹೋದ್ರು. ಕಡಿಗೆ ಬಾಸ್ಟನ್ನಿನ ಹೊವರ್ಡ್ ಶೇನ್ ಅನ್ನೋ ತಜ್ಞರು ಪರೀಕ್ಷಾ ಮಾಡಿದ್ರು. ಹುಡುಗಿಗೆ ಕೀಲಿಕೈ ಚಿತ್ರ ತೋರಿಸಿದ್ರು, ಕೈ ಹಿಡಿಯೋರಿಗೆ ಕಪ್ಪಿನ ಚಿತ್ರ ತೋರಿಸಿದ್ರು. ಟೈಪ್ ಆಗಿದ್ದು ಕಪ್ಪು. ಆ ಕೈ ಹಿಡದವರು ಜಾನಿಸ್ ಬಾಯ್ಟನ್. ಅವರು ಆವತ್ತಽ ತಿಳಕೊಂಡ್ರು, ಎಲ್ಲಾ ನನ್ನೊಳಗಿಂದಽ ಬಂದದ್ದು ಅಂತ. ಆ ಪದ್ಧತಿ ಬಿಟ್ಟು, ಮುಂದ ಅದರ ವಿರುದ್ಧ ತಮ್ಮ ಹೆಸರು ಹಾಕಿ ಬರದ್ರು. ಈ ಇಡೀ ಕಥಿಯೊಳಗ ನನಗ ಭಾಳ ಮರ್ಯಾದಿ ಇರೋದು ಅವರ ಮ್ಯಾಲೆ.

ಇದು ಹಳೇ ಕಾಲದ್ದು ಅಂದ್ರ, ಮಿಷಿಗನ್ ರಾಜ್ಯದ್ದು ಕೇಳ್ರಿ, 2007ರ ಮಾತು. ಹಿಂಗಽ ಸಾಲ್ಯಾಗ ಕೈ ಹಿಡದು ಬರಿಸಿದ ಮಾತಿನ ಮ್ಯಾಲೆ ಒಬ್ಬ ತಂದಿ 80 ದಿವಸ ಜೇಲಿನಾಗ ಕೂತ. ಮಾತಿಲ್ಲದ ಮಗಳು ಒಂದು ಕಡೆ, ಅಕಿ ತಮ್ಮ ಒಂದು ಕಡೆ. ಕೋರ್ಟಿನಾಗ ಕೈ ಹಿಡಿಯೋರನ್ನ ಹೊರಗ ಕಳಿಸಿ ಪ್ರಶ್ನಿ ಕೇಳಿ, ಆಮ್ಯಾಲೆ ಒಳಗ ಕರದು ಉತ್ತರ ಟೈಪ್ ಮಾಡಸಿದ್ರು. ನಿನ್ನ ಸ್ವೆಟರ್ ಯಾವ ಬಣ್ಣದ್ದು ಅಂತ ಕೇಳಿದ್ರ ಬರೇ ಅರ್ಥ ಇಲ್ಲದ ಅಕ್ಷರ ಬಂದ್ವು. ಕೇಸು ಬಿದ್ದುಹೋತು ಖರೇ, ಆದ್ರ ಆ 80 ದಿವಸ? ನಮ್ಮ ಕಡೆ ಒಂದು ಮನಿಗೆ ಹಿಂಗಾದ್ರ ಓಣಿಯವರು ಎಷ್ಟು ವರ್ಷ ಮಾತಾಡ್ತಾರ, ನೀವಽ ಲೆಕ್ಕಾ ಹಾಕ್ರಿ.

ಇಷ್ಟೆಲ್ಲಾ ಆದಮ್ಯಾಲೆ ಕೈ ಹಿಡಿಯೋದು ಒಂಚೂರು ಕಮ್ಮಿ ಆತು, ಗಾಳ್ಯಾಗ ಅಕ್ಷರದ ಹಲಗಿ ಹಿಡಿಯೋದು ಹೆಚ್ಚಾತು. ಈಗಿನ ವಿಡಿಯೋ ಭಾಳಷ್ಟು ಇದರವಽ. ನಾವು ಮುಟ್ಟೂದಽ ಇಲ್ಲ ಅಂತಾರ. ಮುಟ್ಟೂದಿಲ್ಲ, ಖರೇ. ಹಲಗಿ ಅವರ ಕೈಯಾಗ ಇರ್ತದ, ಅದು ಅತ್ತ ಇತ್ತ ಜರೀತದ, ಯಾವಾಗ ಅಕ್ಷರ ಆತು ಅಂತ ಅವರಽ ಹೇಳ್ತಾರ. ನಿಮಗ ಪುರಸೊತ್ತಿದ್ರ ಆ ವಿಡಿಯೋಗಳ ದನಿ ಬಂದ್ ಮಾಡಿ, ಹುಡುಗನ ಕಣ್ಣು ಬಿಟ್ಟು ಹಲಗಿ ಒಂದನ್ನಽ ನೋಡ್ರಿ.

ಈ ಹಲಗಿ ಪದ್ಧತಿಗೂ ನಮ್ಮ ಬೆಂಗಳೂರಿಗೂ ನಂಟದ ಅಂದ್ರ ಆಶ್ಚರ್ಯ ಆಗಬಹುದು. ಸೋಮಾ ಮುಖೋಪಾಧ್ಯಾಯ ಅನ್ನೋ ಬಂಗಾಲಿ ತಾಯಿ, ಅವರ ಮಗ ಟಿಟೋ, ಅಮೇರಿಕಾಕ್ಕ ಹೋಗೂಕಿಂತ ಮೊದಲ ಬೆಂಗಳೂರಾಗಽ ಇದ್ರು. ಟಿಟೋಗ ಆಟಿಸಂ, ಮಾತು ಇಲ್ಲ ಅಂದ್ರ ಇಲ್ಲ ಅನ್ನೋವಷ್ಟು. ಸೋಮಾ ಬಿಡಲಿಲ್ಲ, ದಿನಾ ಗಂಟೆಗಟ್ಟಲೆ ಕೂಡಿಸಿ, ಅಕ್ಷರ, ಲೆಕ್ಕ, ಕಥಿ, ಕೈಗೆ ಪೆನ್ಸಿಲ್ ಕೊಟ್ಟು ಬರಸೋದು, ಎಲ್ಲಾ ಕಲಸಿದ್ರು. 2000ದಾಗ ಬ್ರಿಟನ್ನಿನ ರಾಷ್ಟ್ರೀಯ ಆಟಿಸಂ ಸಂಘ ಆ ಹುಡುಗ ಬರದ ಪುಸ್ತಕ ಪ್ರಕಟ ಮಾಡಿತು. ಟಿಟೋ ತನ್ನ ಕೈಲೆ ಪೆನ್ಸಿಲ್ ಹಿಡದು ಬರಿಯೋದನ್ನ ಹೊರಗಿನವರು ಕೂತು ನೋಡ್ಯಾರ. ಅಂದ ಮ್ಯಾಲೆ ಮಾತಿಲ್ಲದವರೊಳಗ ಮಾತು ಇರೂದಽ ಇಲ್ಲ ಅಂತ ನಾ ಎಂದೂ ಅನ್ನಾಕಿ ಅಲ್ಲ. ಎಷ್ಟೋ ಮಂದಿ ಮಾತು ಬರದವರು ಯಾರೂ ಮುಟ್ಟಲಾರದೆ, ತಮ್ಮ ಐಪ್ಯಾಡಿನಾಗ ತಾವಽ ಟೈಪ್ ಮಾಡ್ತಾರ. ಅವರ ಮಾತಿನ ಬಗ್ಗೆ ಯಾರ ತಕರಾರೂ ಇಲ್ಲ.

ಆದ್ರ ತಾಯಿ ಒಬ್ಬಾಕಿ ಹತ್ತು ವರ್ಷ ಜೀವಾ ತೇಯ್ದು ತನ್ನ ಮಗನ ಜೋಡಿ ಮಾಡಿದ್ದು ಬ್ಯಾರೆ, ಅದನ್ನ ಪದ್ಧತಿ ಮಾಡಿ, ಹೆಸರಿಟ್ಟು, ಎಲ್ಲಾ ಮಕ್ಕಳಿಗೂ ಹತ್ತತದ ಅಂತ ಕಲಸೋದು ಬ್ಯಾರೆ. ಇದರ ಅಧ್ಯಯನ ಹುಡುಕಿದ ತಜ್ಞರು 2019ರಾಗ ಬರದ್ರು, ಮಾತು ಹುಡುಗಂದಽ ಅಂತ ಸಿದ್ಧ ಮಾಡೋ ಒಂದೂ ಸರಿಯಾದ ಅಧ್ಯಯನ ಸಿಗಲಿಲ್ಲ ಅಂತ. 2020ರಾಗ ವರ್ಜೀನಿಯಾದ ಸಂಶೋಧಕರು ಹಲಗಿ ಬಳಸೋ ಒಂಬತ್ತು ಮಂದಿಯ ಕಣ್ಣು ಯಾವಾಗ ಎಲ್ಲೆ ಹೋಗ್ತಾವ ಅಂತ ಅಳದು, ಬೆರಳಿಗಿಂತ ಮೊದಲ ಕಣ್ಣು ಅಕ್ಷರಕ್ಕ ಹೋಗ್ತಾವ, ಅದಕ್ಕ ಮಾತು ಅವರದಽ ಅಂದ್ರು. ನಾನೂ ಅದನ್ನ ಆಸೆಯಿಂದಽ ಓದಿದೆ. ಆದ್ರ ಅಲ್ಲೂ ಹಲಗಿ ಬಾಜೂದವರ ಕೈಯಾಗಽ ಇತ್ತು. ಅವರಿಗೆ ಗೊತ್ತಿಲ್ಲದ್ದನ್ನ ಹುಡುಗರಿಗೆ ಕೇಳಿ ನೋಡೋ ಸರಳ ಪರೀಕ್ಷಾ ಮಾಡಿದ್ರ ಎಲ್ಲಾರ ಬಾಯಿ ಮುಚ್ಚತಿತ್ತು. ಮಾಡಲಿಲ್ಲ.

ಇನ್ನ 2024ರಾಗ ಅಮೇರಿಕಾದಾಗ ಒಂದು ಪಾಡ್‌ಕಾಸ್ಟ್ ಭಾಳ ಹೆಸರು ಮಾಡಿತು. ಈ ಮಕ್ಕಳಿಗೆ ತಾಯಿ ಮನಸಿನಾಗಿಂದು ತಿಳೀತದ, ತಾಯಿ ನೋಡಿದ ಸಂಖ್ಯಾ ಮಗು ನೋಡಲಾರದೆ ಹೇಳ್ತದ, ಅಂದ್ರ ಟೆಲಿಪಥಿ ಅದ ಅಂತ! ನನಗ ನಗು ಬರಲಿಲ್ಲ, ಕೆಟ್ಟ ಅನಿಸ್ತು. ತಾಯಿಗೆ ಗೊತ್ತಿದ್ದದ್ದಽ ಮಗುವಿನ ಬೆರಳಿಗೆ ಬರ್ತದ ಅನ್ನೋದಕ್ಕ ಇದಕಿಂತ ಛೊಲೋ ಸಾಕ್ಷಿ ಬೇಕಾ? ಎದುರಿಗೆ ಇದ್ದ ಉತ್ತರ ಬಿಟ್ಟು ದೇವಲೋಕಕ್ಕ ಏಣಿ ಹಾಕ್ಯಾರ.

ಈಗ ನೀವು ಕೇಳೋ ಮಾತಿಗೆ ಬರ್ತೀನಿ. ಮಗುವಿನ ಪರೀಕ್ಷಾ ಮಾಡೋದು ಅಪಮಾನ ಅಲ್ಲೇನು, ನಿನ್ನನ್ನ ನಂಬೂದಿಲ್ಲ ಅಂದಂಗ ಆತಲ್ಲಾ ಅಂತ. ಈ ಕ್ಲಾಸಿನವರೂ ಇದನ್ನಽ ಹೇಳಿಕೊಡ್ತಾರ, ಪರೀಕ್ಷಾ ಮಾಡಬ್ಯಾಡ್ರಿ, ಮಕ್ಕಳಿಗೆ ವಿಶ್ವಾಸ ಹೋಗ್ತದ ಅಂತ. ನನಗ ತದ್ವಿರುದ್ಧ ಅನಸ್ತದ. ಪರೀಕ್ಷಾ ಮಗುವಿಂದಲ್ಲ, ಹಿಡದ ಕೈದು. ಒಂದು ವ್ಯಾಳೆ ಆ ಕೂಸಿನೊಳಗ ಖರೇನಽ ಮಾತು ಇದ್ದು, ಅದರ ಬೆರಳು ಹಿಡದು ಮತ್ತೊಬ್ಬರು ತಮ್ಮ ಮಾತು ಬರಸ್ಲಿಕ್ಕೆ ಹತ್ತಿದ್ರ? ಅದಕಿಂತ ದೊಡ್ಡ ಅಪಮಾನ ಯಾವುದದ? ಹೊಟ್ಟಿ ನೋಯಿಸ್ತದ ಅಂತ ಅಂವ ಅಳ್ತಿರಬೇಕು, ಇತ್ತ ಹಲಗಿ ಮ್ಯಾಲೆ ನಾ ಭಾಳ ಆನಂದದಾಗ ಇದ್ದೇನಿ ಅಂತ ಬರ್ತಿರಬೇಕು. ಆಮ್ಯಾಲೆ ಎಲ್ಲಾ ನಿರ್ಧಾರ ಹಲಗಿ ಮ್ಯಾಲಽ. ಯಾವ ಸಾಲಿ, ಯಾವ ಔಷಧ, ಯಾರ ಜೋಡಿ ಇರ್ತಾನ, ಅಪ್ಪನ ಹೊಲದಾಗ ತನ್ನ ಪಾಲು ಯಾರಿಗೆ ಬರದುಕೊಡ್ತಾನ. ಹೊಲದ ಮಾತು ಬಂದ ಕೂಡಲೆ ನಮ್ಮ ಬಳಗದವರ ಕಿವಿ ನೆಟ್ಟಗಾಗಿರಬೇಕು, ನನಗ ಗೊತ್ತದ.

ಮತ್ತ ಭಾಷಾದ್ದೊಂದು. ನಮ್ಮ ಹುಡುಗ ಹುಟ್ಟಿದಾಗಿಂದ ಕೇಳಿದ್ದು ನಮ್ಮ ಮನಿ ಕನ್ನಡ. ಬಾರೋ, ಕೂಡು, ಉಣ್ಣು, ಬ್ಯಾಡಾ, ಗುಮ್ಮಾ ಬಂತು. ಅವನ ಅಜ್ಜಿಗೆ ಇಂಗ್ಲೀಷ್ ಗಂಧ ಇಲ್ಲ. ಈ ಹಲಗಿಗೋಳು ಎಲ್ಲಾ ಇಂಗ್ಲೀಷ್, ಇಪ್ಪತ್ತಾರು ಅಕ್ಷರ ಒಂದು ಹಾಳಿ ಮ್ಯಾಲೆ ಹಿಡಸ್ತಾವ. ನಮ್ಮವು ನಲವತ್ತೊಂಬತ್ತು, ಮ್ಯಾಲೆ ಕಾಗುಣಿತ, ಒತ್ತು. ಕನ್ನಡ ಮಾತ್ರ ಕೇಳಿದ ಕೂಸು ಆರು ತಿಂಗಳಿಗೆ ಚಂದನ ಇಂಗ್ಲೀಷ್ ಒಳಗ, ವ್ಯಾಕರಣ ತಪ್ಪಲಾರದೆ, ಅಸ್ತಿತ್ವ, ಕರುಣಾ, ಮೌನ ಅಂತ ಬರೀಲಿಕ್ಕೆ ಹತ್ತಿದ್ರ, ಆ ಇಂಗ್ಲೀಷ್ ಆ ಕ್ವಾಣ್ಯಾಗ ಮತ್ತ ಯಾರಿಗೆ ಬರ್ತದ ಅಂತ ಒಂದು ಸಲ ತಿರುಗಿ ನೋಡಬೇಕಲ್ಲಾ.

ತಾಯಿಗೆ ನಾ ಫೋನಿನಾಗ ಹೇಳಿದ್ದು ಇಷ್ಟಽ. ರೊಕ್ಕಾ ಕಟ್ಟೂಕಿಂತ ಮೊದಲ ಒಂದು ದಿನ ಹೋಗಿ ಬಾ. ಹಲಗಿ ಹಿಡಿಯೋರನ್ನ ಹೊರಗ ಕೂಡಿಸು, ಚಹಾ ಕುಡಿರಿ ಅನ್ನು. ಕ್ವಾಣ್ಯಾಗ ನೀ, ಮಗ ಇಬ್ಬರಽ ಇರ್ರಿ. ಅವನಿಗೆ ಒಂದು ಪೇರಲಹಣ್ಣು ಕೊಡು, ಇಲ್ಲಾ ಅವನ ಹಳೇ ಬೊಂಬಿ ತೋರಿಸು, ಇಲ್ಲಾ ಜೇಬಿನಾಗ ಒಂದು ಚಮಚಾ ಇಡು. ಎಲ್ಲಾ ತಗದು ಮುಚ್ಚಿ ಇಟ್ಟು ಅವರನ್ನ ಒಳಗ ಕರಿ. ಈಗ ಏನು ನೋಡಿದಿ ಅಂತ ಮಗನ್ನ ಕೇಳು. ಒಂದಽ ಸಲ ತಪ್ಪಿದ್ರ ಬಿಡು, ಮಕ್ಕಳಿಗೆ ಬ್ಯಾಸರ ಬರ್ತದ. ಹತ್ತು ಸಲ, ಎರಡು ಮೂರು ದಿನ ಬಿಟ್ಟು ಬಿಟ್ಟು ಮಾಡು. ಹತ್ತರಾಗ ಎಂಟು ಸಲ ಪೇರಲಹಣ್ಣಿಗೆ ಪೇರಲಹಣ್ಣು ಅಂತ ಬಂತಂದ್ರ ನನ್ನ ಬಳಿನೂ ತಗೊಂಡು ಹೋಗಿ ಇಡು, ನಾ ತುಟಿ ಪಿಟಕ್ಕ ಅನ್ನೂದಿಲ್ಲ. ಪರೀಕ್ಷಾಕ್ಕ ಅವರು ಒಪ್ಪಲಿಲ್ಲ ಅಂದ್ರ ಅಲ್ಲಿಂದಽ ಬಸ್ ಹತ್ತು.

ಅಕಿ ಸ್ವಲ್ಪ ಹೊತ್ತು ಸುಮ್ಮನಿದ್ಲು. “ಅಕ್ಕಾ, ಅಂವ ನನ್ನ ಬಗ್ಗೆ ಏನು ವಿಚಾರ ಮಾಡ್ತಾನ ಅನ್ನೋದು ನನಗ ಸಾಯೂತನಕಾ ಗೊತ್ತಾಗೂದಿಲ್ಲೇನು?” ಅಂದ್ಲು.

ಇದಕ್ಕ ನನ್ನ ಹತ್ರ ಉತ್ತರ ಇದ್ದಿಲ್ಲ, ಈಗೂ ಇಲ್ಲ. ಆದ್ರ ಅವನವ್ವನೂ ನೋಡಿರಲಾರದ ಒಂದು ಮಾತು ಹೇಳಿದೆ. ಹೋದ ಶ್ರಾವಣದಾಗ ಪೂಜಾಕ್ಕ ಮಂದಿ ತುಂಬಿದಾಗ ಆ ಹುಡುಗ ನನ್ನ ಸೆರಗು ಹಿಡದು ಹಿತ್ತಲಬಾಗಲ ತನಕಾ ಎಳಕೊಂಡು ಹೋಗಿ, ನನ್ನ ಕೈ ಒಯ್ದು ಚಿಲಕದ ಮ್ಯಾಲೆ ಇಟ್ಟ. ಸಪ್ಪಳ ಹೆಚ್ಚಾಗ್ಯದ, ಹೊರಗ ಹೋಗೋಣು ನಡಿ ಅಂತ. ಅದು ಪೂರಾ ವಾಕ್ಯ. ಅದರಾಗ ಯಾರ ಕೈ ಯಾರನ್ನ ನಡಸ್ತು ಅನ್ನೋ ಸಂಶಯನಽ ಇಲ್ಲ.

ಇಂಥಾ ವಾಕ್ಯಾನ ಬೆಳಸೋ ಪದ್ಧತಿಗೋಳು ಅವ, ಅದನ್ನ ಯಾರೂ ವಿಡಿಯೋ ಮಾಡಿ ಹಂಚೂದಿಲ್ಲ, ಯಾಕಂದ್ರ ಅವು ಸಾವಕಾಶ. ಚಿತ್ರದ ಕಾರ್ಡು ಕೊಟ್ಟು ಸಾಮಾನು ತಗೊಳ್ಳೋದು ಒಂದು. ಅದನ್ನ 1985ರಿಂದ ಕಲಸ್ಲಿಕ್ಕೆ ಹತ್ಯಾರ. ಹುಡುಗ ತಾನಽ ಕಾರ್ಡು ಆರಿಸಿ ತಾನಽ ತಂದು ನಿಮ್ಮ ಕೈಯಾಗ ಇಡ್ತಾನ. ಮೊದಮೊದಲು ಅವನ ಕೈಗೆ ಹಿಂದಿನಿಂದ ಒಬ್ಬರು ಸಹಾಯ ಮಾಡ್ತಾರ, ಖರೇ, ಆದ್ರ ಪಾಠ ಇರೋದಽ ಆ ಸಹಾಯ ತಗಿಯೋದರಾಗ. ಫೋನಿನಾಗ, ಟ್ಯಾಬಿನಾಗ ಚಿತ್ರ ಒತ್ತಿದ್ರ ದನಿ ಬರೋ ಆ್ಯಪ್ ಅವ. ಚೆನ್ನೈದವರು ಮಾಡಿದ ಅವಾಜ್ ಅದ, ಮುಂಬೈ ಐಐಟಿಯವರು ಮಾಡಿದ ಜೆಲ್ಲೋ ಅದ. ಇವನ್ನ ಕಲಿಸಿದ್ರ ಬಾಯಿಮಾತು ಬರೋದು ನಿಂತುಹೋಗ್ತದ ಅಂತ ನಮ್ಮ ಕಡೆ ಹೆದರಸ್ತಾರಲ್ಲಾ, ಅದು ಸುಳ್ಳು. ಸಂಶೋಧನಾದಾಗ ಹಂಗ ಕಂಡಿಲ್ಲ, ಕೆಲವು ಮಕ್ಕಳಿಗೆ ಒಂದೆರಡು ಮಾತು ಹೆಚ್ಚಾಗಿದ್ದಽ ಕಂಡದ.

ತೋರಸ್ಲಿಕ್ಕೆ ಹೋಗೋದಾದ್ರ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥಾಕ್ಕ ಹೋಗ್ರಿ, ಮಾನಸಗಂಗೋತ್ರಿಯಾಗ ಅದ. ಕೇಂದ್ರ ಸರಕಾರದ್ದು, 1960ರ ದಶಕದಿಂದ ಇದಽ ಕೆಲಸ ಮಾಡ್ಕೊಂಡು ಬಂದದ, ಕನ್ನಡದಾಗ ಮಾತಾಡ್ತಾರ. ಅಂಗವಿಕಲರ ಹಕ್ಕಿನ 2016ರ ಕಾಯ್ದೆ ಪಟ್ಟಿಯೊಳಗ ಆಟಿಸಮ್ಮೂ ಅದ, ಸರ್ಟಿಫಿಕೇಟ್ ಇನ್ನೂ ಮಾಡಿಸಿರಲಿಲ್ಲ ಅಂದ್ರ ಮೊದಲ ಅದನ್ನ ಮಾಡಸ್ರಿ. ಆರು ತಿಂಗಳ ಮನಿ ಬಾಡಿಗಿ, ಫೀಸು ಎಲ್ಲಾ ಕೂಡಿಸಿದ್ರ ಮೈಸೂರಿಗೆ ಎಷ್ಟು ಸಲ ಹೋಗಿ ಬರಬಹುದು ಅಂತ ಅವನಪ್ಪಗ ನಾ ಲೆಕ್ಕಾ ಹಾಕಿ ಕೊಟ್ಟೇನಿ. ಅಂವ ಲೆಕ್ಕದ ಮನಿಷ್ಯಾ, ಹಾಳಿ ಮಡಚಿ ಕಿಸೇಕ್ಕ ಇಟ್ಟುಕೊಂಡ. ಏನಂತಾನೋ ನೋಡೋಣ.

ಕಾರ್ಡು ಮಾಡೋ ಕೆಲಸ ಮಾತ್ರ ನಮ್ಮ ಕೈಯಾಗ ಅದ. ಅಂಗಡ್ಯಾಗಿನ ಕಾರ್ಡಿನಾಗ ಸೇಬುಹಣ್ಣು, ಬರ್ಗರ್, ಹಿಮದ ಮನಿಷ್ಯಾ ಇರ್ತಾವ, ಅವನಿಗೆ ಬೇಕಾಗಿದ್ದು ಚುರಮುರಿ, ಅವಲಕ್ಕಿ, ಹಿತ್ತಲ ಬಾಗಲ, ಜೋಕಾಲಿ, ಅಜ್ಜಿ ಕೌದಿ. ಅವನ ಮನಿ ಸಾಮಾನಿನ ಫೋಟೋನಽ ಬೇಕು. ಮೊದಲನೇ ಕಾರ್ಡು “ಬ್ಯಾಡ” ಅಂತ ಇರಲಿ ಅಂತ ನನ್ನ ಹಟ. ಅದನ್ನ ಅಂವ ತೋರಿಸಿದ ಮ್ಯಾಲೂ ಇನ್ನೊಂದು ಹೋಳಿಗಿ ಬಡಸಿದವರಿಗೆ ನಾ ಮಾತ್ರ ಬಿಡೂದಿಲ್ಲ, ಕಾಕು ಆಗಲಿ, ಮಾಮಿ ಆಗಲಿ. ಬರೋ ಆಯಿತವಾರ ಮಧ್ಯಾಹ್ನ ಫೋಟೋ ತಗೀಲಿಕ್ಕೆ ಅವರ ಮನಿಗೆ ಹೊಂಟೇನಿ. ಸ್ಟೇಶನ್ ರೋಡಿನ ಝೆರಾಕ್ಸ್ ಅಂಗಡ್ಯಾಂವ ಲ್ಯಾಮಿನೇಶನ್ ಮಾಡಿಕೊಡ್ತೀನಿ ಅಂದಾನ. ಅಂಚು ಕತ್ತರಿಸಿ ವೆಲ್ಕ್ರೋ ಹಚ್ಚಲಿಕ್ಕೆ ಎರಡು ಕೈ ಕಮ್ಮಿ ಬೀಳ್ತಾವ, ಬರೋರು ಫೋನ್ ಮಾಡ್ರಿ.